ಇಸಿ ಹೇಳದೆ ಉಳಿಸುವ ಮಾತು

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಮನೆ ಕೊಳ್ಳಲು ಹೊರಟ ದಂಪತಿ ಮೂವತ್ತು ವರ್ಷಗಳ ಇಸಿ, ಅಂದರೆ ಋಣಭಾರ ಪ್ರಮಾಣಪತ್ರವನ್ನು ವಕೀಲನಾದ ನನ್ನ ಮೇಜಿನ ಮೇಲಿಟ್ಟು, "ಎಲ್ಲ ಸರಿಯಾಗಿದೆ ಸರ್, ಕ್ರಯಪತ್ರದ ಕರಡು ಬರೆದುಕೊಟ್ಟರೆ ಸಾಕು" ಎಂದರು. ಅದು ವ್ಯವಹಾರವೇ ದಾಖಲಾಗಿಲ್ಲದಾಗ ಕೊಡುವ ನಮೂನೆ 16. ಅಷ್ಟೂ ವರ್ಷ ನೋಂದಾಯಿತ ವ್ಯವಹಾರ ಒಂದೂ ಇಲ್ಲ. ಅವರಿಗೆ ಸಮಾಧಾನ ತಂದ ಹಾಳೆಯೇ ನನ್ನನ್ನು ಅನುಮಾನಕ್ಕೆ ಹಚ್ಚಿತು. ಏನೂ ನಡೆದಿಲ್ಲವೆಂದಾದರೆ, 1986ರಲ್ಲಿ ತಂದೆ ಕೊಂಡ ಮನೆಯನ್ನು ಇಂದು ಇಬ್ಬರು ಗಂಡುಮಕ್ಕಳು ಮಾರುತ್ತಿರುವುದು ಹೇಗೆ?

ಉಪನೋಂದಣಿ ಕಚೇರಿಯ ಪುಸ್ತಕದಲ್ಲಿ ದಾಖಲಾದದ್ದಷ್ಟೇ ಇಸಿಯಲ್ಲಿ ಬರುತ್ತದೆ. ಸಾವು ಅಲ್ಲಿ ದಾಖಲಾಗುವುದಿಲ್ಲ. ಆದರೆ ಒಡೆಯ ತೀರಿಕೊಂಡ ಗಳಿಗೆಯಲ್ಲೇ ಹಕ್ಕು ವಾರಸುದಾರರಿಗೆ ಹಂಚಿಹೋಗಿರುತ್ತದೆ. ಇಲ್ಲಿ ಅಣ್ಣತಮ್ಮಂದಿರು ತಮ್ಮಿಬ್ಬರ ಹೆಸರಷ್ಟೇ ಇದ್ದ ವಂಶವೃಕ್ಷ ತೋರಿಸಿ ಖಾತೆ ಬದಲಾಯಿಸಿಕೊಂಡಿದ್ದರು. ಖಾತೆ ತೆರಿಗೆಯ ಲೆಕ್ಕಕ್ಕೆ ಇರುವುದು. ಒಡೆತನ ಕೊಡುವ ಶಕ್ತಿ ಅದಕ್ಕಿಲ್ಲ.

ತಾಯಿ ಬದುಕಿದ್ದರು. ಅಕ್ಕತಂಗಿಯರು ಇದ್ದಾರೆಯೇ ಎಂದು ಅಣ್ಣತಮ್ಮಂದಿರನ್ನು ಕೇಳಿದಾಗ, "ಒಬ್ಬಳಿದ್ದಾಳೆ, 1990ರಲ್ಲೇ ಮದುವೆಯಾಗಿ ಹೋದಳು, ಅವಳಿಗೆ ಬರುವುದಿಲ್ಲ" ಎಂದರು. ಅರೆಬರೆ ಕಾನೂನು ಕೇಳಿದವರ ಮಾತು ಅದು. ಹೆಣ್ಣುಮಕ್ಕಳಿಗೂ ಪಾಲು ಕೊಟ್ಟು, ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟ ಕರ್ನಾಟಕದ 1994ರ ತಿದ್ದುಪಡಿ, ಆಮೇಲೆ ಬಂದ ಕೇಂದ್ರದ 2005ರದ್ದು, ಎರಡೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯ ಪ್ರಶ್ನೆಗೆ ಸೇರಿದವು. ತಂದೆ ಸ್ವಂತ ದುಡಿಮೆಯಿಂದ ಕೊಂಡು, ಉಯಿಲು ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನಡಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಮದುವೆಯ ವರ್ಷ ಯಾವುದಾದರೇನು? ಇಲ್ಲಿ ನಾಲ್ವರಿಗೂ ಕಾಲು ಕಾಲು.

ಇಸಿಯಲ್ಲಿ ಕಾಣದವು ಇನ್ನೂ ಇವೆ. ಉಯಿಲನ್ನು ನೋಂದಾಯಿಸಲೇಬೇಕೆಂದಿಲ್ಲ. ಸಿವಿಲ್ ನ್ಯಾಯಾಲಯದಲ್ಲಿ ನಡೆಯುತ್ತಿರುವ ವಿಭಾಗದ ದಾವೆಯೂ ಕಾಣದೆ ಹೋಗಬಹುದು. ಅದರ ತೀರ್ಪಿಗೆ ಕೊಂಡವರೂ ಬದ್ಧರು. ಮೂಲಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ನೋಂದಣಿಯಾಗದೆ ಇದ್ದರೆ ಅದೂ ಇಸಿಯಲ್ಲಿ ಕಾಣದು. ಜೆರಾಕ್ಸ್ ಪ್ರತಿ ನೋಡಿ ಮುಂಗಡ ಕೊಡುವವರನ್ನು ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಶಿವಮೊಗ್ಗದಿಂದ ತಂಗಿ ಬಂದರು. ಅಣ್ಣಂದಿರು ಅವರಿಂದ ಒಪ್ಪಿಗೆ ಸಾಕ್ಷಿಯ, ಅಂದರೆ ಮಾರಾಟಕ್ಕೆ ತಕರಾರಿಲ್ಲವೆಂಬ, ಸಹಿ ಹಾಕಿಸಿ ಮುಗಿಸೋಣವೆಂದರು. ನಾನು ಒಪ್ಪಲಿಲ್ಲ. ತಾಯಿಯ ಹೆಸರನ್ನೂ ಅವರ ಹೆಸರನ್ನೂ ಮಾರಾಟಗಾರರ ಸಾಲಿನಲ್ಲೇ ಬರೆಸಿ, ಪಾಲಿನ ಹಣ ನೇರವಾಗಿ ಅವರವರ ಬ್ಯಾಂಕ್ ಖಾತೆಗೆ ಹೋಗುವಂತೆ ಮಾಡಿದೆ. ನೋಂದಣಿ ಆರು ವಾರ ತಡವಾಯಿತು. ಗೃಹಪ್ರವೇಶದ ಮುಹೂರ್ತ ತಪ್ಪಿಸಿದ ವಕೀಲನೆಂದು ಆ ದಂಪತಿ ಈಗಲೂ ನನ್ನನ್ನೇ ದೂರುತ್ತಾರೆ.