ರೊಮ್ಯಾನ್ಸ್ ಬರೆಯೋರು ಹದಿಹರೆಯದ ಶೆಲ್ಫಿಗೆ ಬಂದಿದ್ದು ಹೇಗೆ?

ಇಂಗ್ಲಿಷ್ ಕಾದಂಬರಿ ಓದೋರ ಮಧ್ಯೆ ಮತ್ತೆ ಮತ್ತೆ ಏಳೋ ಒಂದು ವಾದ ಇದೆ. ಯಂಗ್ ಅಡಲ್ಟ್, ವೈಎ ಅಂತ ಕರೀತಾರಲ್ಲ, ಹನ್ನೆರಡರಿಂದ ಹದಿನೆಂಟರೊಳಗಿನ ಮಕ್ಕಳಿಗೆ ಅಂತ ಬರೋ ಪುಸ್ತಕಗಳು, ಅದನ್ನ ರೊಮ್ಯಾನ್ಸ್ ಬರೆಯೋರು ಬಂದು ಕೆಡಿಸಿದ್ರು ಅಂತ ಕೆಲವರು, ಅವರು ಬಂದಿದ್ದಕ್ಕೇ ಆ ಶೆಲ್ಫಿಗೆ ಜೀವ ಬಂತು ಅಂತ ಇನ್ನು ಕೆಲವರು. ಎರಡೂ ಕಡೆಯವರು ಅರ್ಧ ಕಥೆ ಹೇಳ್ತಾರೆ ಅನ್ಸುತ್ತೆ, ಅದಕ್ಕೇ ಸ್ವಲ್ಪ ಹಿಂದಿನಿಂದ ನೋಡೋಣ.

ಮೊದಲನೇದಾಗಿ ಪ್ರೀತಿ ಅಲ್ಲಿಗೆ ಹೊರಗಿನಿಂದ ಬಂದಿದ್ದಲ್ಲ. 1942ರಲ್ಲಿ ಮೊರೀನ್ ಡೇಲಿ ಬರೆದ ಹದಿನೇಳರ ಹುಡುಗಿಯೊಬ್ಬಳ ಬೇಸಿಗೆಯ ಪ್ರೀತಿಯ ಕಾದಂಬರಿ, 1967ರಲ್ಲಿ ಓಕ್ಲಹೋಮಾದ ಎಸ್.ಇ. ಹಿಂಟನ್ ಹೈಸ್ಕೂಲಲ್ಲಿ ಇರೋವಾಗ್ಲೇ ಬರೆದ ಬೀದಿ ಹುಡುಗರ ಕಥೆ, ಆಮೇಲೆ ಹದಿಹರೆಯದವರ ಕಷ್ಟಗಳನ್ನೇ ಹಿಡಿದು ಬರೆದ ಎಪ್ಪತ್ತರ ದಶಕದ 'ಸಮಸ್ಯೆ ಕಾದಂಬರಿ'ಗಳು, 1983ರಿಂದ ಶುರುವಾದ 'ಸ್ವೀಟ್ ವ್ಯಾಲಿ ಹೈ' ಸರಣಿ, ಇಷ್ಟು ಹೇಳಿದ್ರೆ ನಲವತ್ತು ವರ್ಷ ಆಯ್ತು. ಈ ಉದ್ದಕ್ಕೂ ಪ್ರೀತಿ ಇದ್ದೇ ಇತ್ತು. ದೊಡ್ಡವರ ರೊಮ್ಯಾನ್ಸ್ ಬರೆದು ಪಳಗಿದ ಕೈ ಈ ಕಡೆ ತಿರುಗಿದಾಗ ಏನಾಯ್ತು ಅನ್ನೋದು ಬೇರೆ ವಿಷಯ, ಅದಕ್ಕೆ ಅಮೆರಿಕದ ಲೇಖಕಿ ಮೆಗ್ ಕ್ಯಾಬಟ್‌ಗಿಂತ ಒಳ್ಳೆ ಉದಾಹರಣೆ ನಂಗೆ ಸಿಕ್ಕಿಲ್ಲ.

ಇಂಡಿಯಾನಾದಲ್ಲಿ ಹುಟ್ಟಿದ ಕ್ಯಾಬಟ್ ನ್ಯೂಯಾರ್ಕಿಗೆ ಬಂದು ಅಲ್ಲಿನ ಯೂನಿವರ್ಸಿಟಿ ಹಾಸ್ಟೆಲೊಂದರಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಕೆಲಸ ಮಾಡ್ತಿದ್ರು, ಜೊತೆಗೇ ಬರೀತಾ ಇದ್ರು. 1998ರಲ್ಲಿ ಮೊದಲ ಪುಸ್ತಕ ಬಂತು, ಪ್ಯಾಟ್ರಿಷಿಯಾ ಕ್ಯಾಬಟ್ ಅನ್ನೋ ಹೆಸರಲ್ಲಿ. ಹಳೇ ಕಾಲದ ಇಂಗ್ಲೆಂಡು, ಜಮೀನ್ದಾರಿ ಮನೆತನಗಳು, ಹಠಮಾರಿ ನಾಯಕಿ, ದೊಡ್ಡವರಿಗೇ ಅಂತ ಬರೆದ ಪ್ರೇಮ ಕಾದಂಬರಿ. ಹೀಗೇ ಒಂದಾದ ಮೇಲೊಂದು ಬರ್ತಿತ್ತು. ಆ ಹೊತ್ತಲ್ಲಿ ಅವರ ಮನೇಲೊಂದು ಬದಲಾವಣೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ, ಕ್ಯಾಬಟ್‌ಗೆ ಪಾಠ ಹೇಳಿದ್ದ ಮೇಷ್ಟ್ರೊಬ್ಬರ ಜೊತೆ ಓಡಾಡೋಕೆ ಶುರು ಮಾಡಿದ್ರು. ಆ ಕಸಿವಿಸಿಯಿಂದಲೇ ಕಥೆ ಹುಟ್ಟಿದ್ದು ಅಂತ ಅವರೇ ಹೇಳಿಕೊಂಡಿದ್ದಾರೆ. ಕಥೇಲಿ ಹುಡುಗಿ ಹೈಸ್ಕೂಲಿನೋಳು, ಹೆಸರು ಮಿಯಾ, ಆಲ್ಜೀಬ್ರಾದಲ್ಲಿ ಫೇಲಾಗೋ ಸ್ಥಿತಿ, ಅಮ್ಮ ಡೇಟಿಂಗ್ ಮಾಡ್ತಿರೋದು ಅದೇ ಆಲ್ಜೀಬ್ರಾ ಮೇಷ್ಟ್ರನ್ನ, ಸಾಲದ್ದಕ್ಕೆ ಅಪ್ಪ ಯುರೋಪಿನ ಪುಟ್ಟ ದೇಶವೊಂದನ್ನ ಆಳೋ ಪ್ರಿನ್ಸ್ ಅಂತ ಗೊತ್ತಾಗುತ್ತೆ. ಪೂರ್ತಿ ಅವಳ ಡೈರಿ ರೂಪದಲ್ಲಿದೆ. ಹಲವು ಪ್ರಕಾಶಕರು ಬೇಡ ಅಂದಮೇಲೆ 2000ದಲ್ಲಿ 'ದಿ ಪ್ರಿನ್ಸೆಸ್ ಡೈರೀಸ್' ಹೊರಗೆ ಬಂತು, ಮರುವರ್ಷವೇ ಡಿಸ್ನಿ ಸಿನಿಮಾ.

ಸಿನಿಮಾ ಮಾತ್ರ ನೋಡಿದೋರಿಗೆ ಒಂದು ವಿಷಯ ಗೊತ್ತಾಗಲ್ಲ. ಸಿನಿಮಾದಲ್ಲಿ ಅಪ್ಪ ಸತ್ತಿರ್ತಾನೆ, ಪುಸ್ತಕದಲ್ಲಿ ಬದುಕಿದ್ದಾನೆ, ಕ್ಯಾನ್ಸರ್ ಆಗಿ ಇನ್ನು ಮಕ್ಕಳಾಗಲ್ಲ ಅನ್ನೋ ಕಾರಣಕ್ಕೆ ಮಿಯಾನೇ ವಾರಸುದಾರಳು. ಹದಿನಾಲ್ಕರ ಹುಡುಗಿ ತಮಾಷೆ ಮಾಡ್ತಾ ಮಾಡ್ತಾ ಡೈರೀಲಿ ಇದನ್ನೂ ಬರೀತಾಳೆ. ಇನ್ನೊಂದು, ರೊಮ್ಯಾನ್ಸ್ ಬರೆದ ಅನುಭವ ಎದ್ದು ಕಾಣೋದು ಮೊದಲ ಮುತ್ತಿನ ಪ್ರಸಂಗದಲ್ಲಿ. ಸ್ಕೂಲ್ ಡಾನ್ಸಿಗೆ ಹೋದಾಗ ಅವಳಿಗೆ ಮುತ್ತು ಕೊಡೋನು ಅವಳು ಕನಸು ಕಂಡಿದ್ದ ಸ್ಕೂಲಿನ ಹೀರೋ, ಆದ್ರೆ ಕೊಡೋದು ಫೋಟೋಗ್ರಾಫರ್‌ಗಳ ಎದುರಿಗೆ, ಅವರಿಗೋಸ್ಕರ. ಮಿಯಾಗೆ ಅಲ್ಲೇ ಅರ್ಥ ಆಗುತ್ತೆ. ಅವಳಿಗೆ ನಿಜವಾಗ್ಲೂ ಸರಿಹೊಂದೋ ಹುಡುಗ, ಗೆಳತಿಯ ಅಣ್ಣ, ಆ ಪುಸ್ತಕದಲ್ಲಿ ಅವಳ ಜೊತೆ ಡಾನ್ಸ್ ಮಾಡ್ತಾನೆ, ಅಷ್ಟೇ. ಓದುಗರನ್ನ ಕಾಯಿಸೋದು ಹೇಗೆ ಅಂತ ದೊಡ್ಡವರ ಕಾದಂಬರಿ ಬರೆದು ಕಲಿತಿದ್ದನ್ನ ಇಲ್ಲಿ ತಂದಿದ್ದಾರೆ, ಬೆಡ್‌ರೂಮನ್ನ ಅಲ್ಲೇ ಬಿಟ್ಟು ಬಂದಿದ್ದಾರೆ. ಇದನ್ನ 'ಸುಲಭದ ಬರವಣಿಗೆ' ಅನ್ನೋರು ಒಂದ್ಸಲ ಕೂತು ಹದಿನಾಲ್ಕರ ಧ್ವನಿಯಲ್ಲಿ ಹತ್ತು ಪುಟ ಬರೆದು ನೋಡ್ಬೇಕು.

ಅದೇ ಹೊತ್ತಿಗೆ ಜೆನ್ನಿ ಕ್ಯಾರಲ್ ಅಂತ ಇನ್ನೊಂದು ಹೆಸರಲ್ಲೂ ಹದಿಹರೆಯದವರಿಗೆ ದೆವ್ವದ, ಪತ್ತೇದಾರಿ ಕಥೆ ಬರೀತಿದ್ರು. ಒಬ್ಬರಿಗೆ ಮೂರು ಹೆಸರು, ಒಂದೊಂದು ಶೆಲ್ಫಿಗೆ ಒಂದೊಂದು. ಆಮೇಲೆ ಆ ಕಥೆಗಳೂ ಮೆಗ್ ಕ್ಯಾಬಟ್ ಹೆಸರಿಗೇ ಬಂದ್ವು, ಯಾಕಂದ್ರೆ ಅಷ್ಟರಲ್ಲಿ ಹುಡುಗೀರು ಆ ಹೆಸರು ಹುಡುಕಿಕೊಂಡು ಬರ್ತಿದ್ರು. 2009ರಲ್ಲಿ ಡೈರಿಯ ಹತ್ತನೇ ಪುಸ್ತಕ ಬಂತು, ಅದರಲ್ಲಿ ಹದಿನೆಂಟು ತುಂಬ್ತಿರೋ ಮಿಯಾ ಗುಟ್ಟಾಗಿ ಒಂದು ಐತಿಹಾಸಿಕ ಪ್ರೇಮ ಕಾದಂಬರಿ ಬರೆದು ಪ್ರಕಾಶಕರಿಗೆ ಕಳಿಸ್ತಾಳೆ, ವಾಪಸ್ ಬಂದ್ರೆ ಮತ್ತೆ ಕಳಿಸ್ತಾಳೆ. ಆ ಕಾದಂಬರಿ ಮಿಯಾ ಹೆಸರಲ್ಲೇ ನಿಜವಾಗ್ಲೂ ಅಚ್ಚಾಯ್ತು! ತಾನು ಎಲ್ಲಿಂದ ಬಂದೆ ಅನ್ನೋದಕ್ಕೆ ಕ್ಯಾಬಟ್ ನಾಚಿಕೊಳ್ಳಲಿಲ್ಲ, ನಂಗೆ ಅವರ ಮೇಲೆ ಗೌರವ ಹೆಚ್ಚಾಗಿದ್ದು ಅಲ್ಲೇ.

ಅಷ್ಟೊತ್ತಿಗೆ ಹೊರಗಡೆ ಎಲ್ಲಾ ಬದಲಾಗಿತ್ತು. 2005ರಲ್ಲಿ ರಕ್ತಪಿಶಾಚಿಯ ಪ್ರೇಮಕಥೆ 'ಟ್ವೈಲೈಟ್' ಬಂದು ಅಮ್ಮಂದಿರೂ ಮಗಳ ಪುಸ್ತಕ ಓದೋ ಹಾಗಾಯ್ತು. 2009ರಲ್ಲಿ ರೊಮ್ಯಾನ್ಸಿಗೇ ಹೆಸರಾದ ಹಾರ್ಲೆಕ್ವಿನ್ ಕಂಪನಿ ಹಾರ್ಲೆಕ್ವಿನ್ ಟೀನ್ ಶುರು ಮಾಡ್ತು, ಮೊದಲ ಪಟ್ಟಿಯಲ್ಲೇ ದೊಡ್ಡವರ ರೊಮ್ಯಾನ್ಸ್ ಬರೀತಿದ್ದ ಜೀನಾ ಶೋವಾಲ್ಟರ್ ಇದ್ರು. 2012ರಲ್ಲಿ ಪುಸ್ತಕ ಮಾರುಕಟ್ಟೆಯ ಲೆಕ್ಕ ಇಡೋ ಬೌಕರ್ ಸಂಸ್ಥೆಯ ಸಮೀಕ್ಷೆ ಪ್ರಕಾರ ವೈಎ ಪುಸ್ತಕ ಕೊಳ್ಳೋರಲ್ಲಿ ಶೇ. 55ರಷ್ಟು ಜನ 18 ದಾಟಿದವರು, ಅದರಲ್ಲೂ ಹೆಚ್ಚಿನೋರು 30ರಿಂದ 44ರ ವಯಸ್ಸಿನವರು. ದುಡ್ಡು ಕೊಡೋರು ದೊಡ್ಡವರಾದಾಗ ಕಥೆಯ ವಯಸ್ಸೂ ಮೆಲ್ಲಗೆ ಏರುತ್ತೆ. ನಾಯಕಿ ಹದಿನಾಲ್ಕರಿಂದ ಹದಿನೇಳಕ್ಕೆ, ಅಲ್ಲಿಂದ ಹತ್ತೊಂಬತ್ತಕ್ಕೆ. 2015ರಲ್ಲಿ ವೈಎ ಅಂತ ಬಂದ ಸಾರಾ ಜೆ. ಮಾಸ್ ಅವರ ಸರಣಿ 2020ರಲ್ಲಿ ಹೊಸ ಮುಖಪುಟ ಹಾಕ್ಕೊಂಡು ದೊಡ್ಡವರ ಶೆಲ್ಫಿಗೆ ಹೋಯ್ತು, ಒಳಗಿನ ಕಥೆ ಅದೇ. ಹಾರ್ಲೆಕ್ವಿನ್ ಟೀನ್ ಹೆಸರು ಬದಲಾಯಿಸ್ಕೊಂಡು ಇಂಕ್‌ಯಾರ್ಡ್ ಆಯ್ತು, 2023ರಲ್ಲಿ ಅದನ್ನೂ ಮುಚ್ಚೋ ನಿರ್ಧಾರ ಆಯ್ತು.

ಇದರಲ್ಲಿ ಯಾರ ತಪ್ಪು ಅಂತ ಹುಡುಕಿ ಪ್ರಯೋಜನ ಇಲ್ಲ, ಬರೆದೋರು ಬರೆದ್ರು, ಮಾರೋರು ಮಾರಿದ್ರು, ದೊಡ್ಡವರು ಇಷ್ಟಪಟ್ಟು ಓದಿದ್ರು. ಆದ್ರೆ ಹದಿಮೂರು ಹದಿನಾಲ್ಕರ ಹುಡುಗಿಗೆ ಏನುಳೀತು ಅನ್ನೋದು ನನ್ನ ತಲೇಲಿ ಕೂತಿದೆ. ನಾನು ಆ ವಯಸ್ಸಲ್ಲಿ ಬಾಲಮಂಗಳ ಬಿಟ್ಟು ನೇರ ಅಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತರ್ತಿದ್ದ ಕಾದಂಬರಿಗೆ ಹಾರಿದೋಳು, ಮಂಚದ ಕೆಳಗೆ ಟಾರ್ಚ್ ಹಿಡ್ಕೊಂಡು. ಕಥೇಲಿದ್ದೋರೆಲ್ಲ ಮದುವೆ ವಯಸ್ಸಿನವರು, ಸ್ಕೂಲಿಗೆ ಹೋಗೋ ಹುಡುಗಿಯ ಮನಸ್ಸು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಆ ಮಧ್ಯದ ಜಾಗ ಎಷ್ಟು ಮುಖ್ಯ ಅಂತ ನಂಗೆ ಗೊತ್ತು.

2015ರಲ್ಲಿ ಕ್ಯಾಬಟ್ ಮಿಯಾಳ ದೇಶಕ್ಕೆ ವಾಪಸ್ ಬಂದ್ರು, ಒಂದೇ ವರ್ಷ ಎರಡು ಪುಸ್ತಕ. ಒಂದು ಮಿಯಾಳ ಮದುವೆಯ ಕಥೆ, ದೊಡ್ಡವರಿಗೆ. ಇನ್ನೊಂದು ನ್ಯೂಜೆರ್ಸಿಯಲ್ಲಿರೋ, ಅಪ್ಪನ ಕಡೆಯಿಂದ ಅವಳಿಗಿದ್ದ, ಅಲ್ಲೀವರೆಗೂ ಅವಳಿಗೇ ಗೊತ್ತಿರದ ಹನ್ನೆರಡರ ತಂಗಿ ಒಲಿವಿಯಾಳ ನೋಟ್‌ಬುಕ್, ಮಿಡ್ಲ್ ಸ್ಕೂಲ್ ಮಕ್ಕಳಿಗೆ. ಹದಿನಾಲ್ಕರ ಹುಡುಗಿಯ ಪುಸ್ತಕ ಆ ವರ್ಷದ ಎರಡರಲ್ಲೂ ಇರಲಿಲ್ಲ.