ಬಾರದವರ ಪುಸ್ತಕ

ಕಾಣಿಕೆಯ ಹಾಡು ಶುರುವಾಗುವ ಹೊತ್ತಿಗೆ ತಡವಾಗಿ ಬರುವವರೆಲ್ಲ ಬಂದು ಕೂತಿರುತ್ತಾರೆ, ಬೇಗ ಹೋಗುವವರು ಇನ್ನೂ ಎದ್ದಿರುವುದಿಲ್ಲ. ಚರ್ಚಿನ ಭಾನುವಾರದ ಆರಾಧನೆಯಲ್ಲಿ ಯಾರು ಬಂದಿಲ್ಲವೆಂದು ನೋಡಲು ಇದೇ ಸರಿಯಾದ ಗಳಿಗೆ. ಕಾಣಿಕೆ ಚೀಲ ಸಾಲಿನಿಂದ ಸಾಲಿಗೆ ಹೋಗುವ ಐದಾರು ನಿಮಿಷದಲ್ಲಿ ಗಂಡಸರ ಕಡೆ ಒಬ್ಬರು, ಹೆಂಗಸರ ಕಡೆ ಒಬ್ಬರು ಕಣ್ಣಾಡಿಸಿದರೆ ಸಾಕು. ಕೈಯಲ್ಲಿ ಪೆನ್ನು, ಹಾಳೆ ಇರಬಾರದು. ಪೆನ್ನು ಕಂಡ ಕೂಡಲೆ ಜನಕ್ಕೆ ಶಾಲೆಯ ಹಾಜರಿ ನೆನಪಾಗುತ್ತದೆ.

ಸಭಾಪಾಲಕರು, ಅಂದರೆ ಪಾಸ್ಟರುಗಳು, ನಾಲ್ಕು ಜನ ಸೇರಿದರೆ ಮೊದಲು ಬರುವ ಪ್ರಶ್ನೆ "ನಿಮ್ಮಲ್ಲಿ ಎಷ್ಟು ಮಂದಿ ಬರ್ತಾರ್ರೀ?" ಎಂಬುದು. ಆ ಲೆಕ್ಕ ಕಮಿಟಿಗೆ ಬೇಕು, ವರ್ಷದ ವರದಿಗೂ ಬೇಕು. ಚರ್ಚಿಗೆ ಸೇರಿದವರ ಈ ಸಭೆಯಲ್ಲಿ ಜನ ಒಬ್ಬರಿಗೊಬ್ಬರು ಎಷ್ಟು ಹತ್ತಿರ ಇದ್ದಾರೆ ಎಂಬುದು ಅದರಿಂದ ತಿಳಿಯುವುದಿಲ್ಲ. ಹಿಂದಿನ ಬಾಗಿಲ ಹತ್ತಿರ ಚಾಪೆಯ ಮೇಲೆ ಕೂರುವ ಮುದುಕಿ ಈ ವಾರ ಬರಲಿಲ್ಲ ಎಂದಿಟ್ಟುಕೊಳ್ಳಿ. ಸೋಮವಾರ ಸಂಜೆಯೊಳಗೆ ಯಾರಾದರೂ ಆಕೆಯ ಮನೆಗೆ ಹೋಗಿ ಬಂದಿದ್ದರೆ ಆ ಸಭೆ ಗಟ್ಟಿಯಾಗಿದೆ. ಮೂರು ವಾರ ಯಾರಿಗೂ ಗೊತ್ತೇ ಆಗದಿದ್ದರೆ, ಪ್ರಸಂಗ (ಪಾಸ್ಟರ್ ಮಾಡುವ ಉಪದೇಶ) ಎಷ್ಟು ಚೆನ್ನಾಗಿದ್ದರೂ, ಸೌಂಡ್ ಸಿಸ್ಟಂ ಎಷ್ಟು ಹೊಸದಿದ್ದರೂ ಅಲ್ಲಿ ಕೆಲಸ ಬಾಕಿ ಇದೆ.

ಇದಕ್ಕೆ ಬೇಕಾದ ಸಾಮಾನು 200 ಪುಟದ ಒಂದು ಉದ್ದನೆಯ ನೋಟ್‌ಬುಕ್. ಮನೆಗೊಂದು ಪುಟ. ಮೇಲೆ ಮನೆಯವರ ಹೆಸರುಗಳು, ಮೂಲ ಊರು, ಮನೆಯಲ್ಲಿ ಆಡುವ ಭಾಷೆ, ಯಾವ ಹೊತ್ತಿಗೆ ಯಾರ ಫೋನಿಗೆ ಮಾಡಿದರೆ ಸಿಗುತ್ತಾರೆ ಎಂಬುದು (ಬಹಳ ಮನೆಗಳಲ್ಲಿ ಫೋನ್ ಇರುವುದು ಮಗನ ಹತ್ತಿರ, ಮಗ ಬರುವುದು ರಾತ್ರಿ ಎಂಟಕ್ಕೆ). ಅದರ ಕೆಳಗೆ ಮೂರೇ ಕಾಲಂ: ತಾರೀಖು, ಯಾರು ಹೋಗಿದ್ದರು, ಮುಂದೆ ಏನು ಮಾಡಬೇಕು. "ಯಾಕೆ ಬರಲಿಲ್ಲ" ಎಂಬ ಕಾಲಂ ಇಡಬೇಡಿ. ಇಟ್ಟರೆ ಅದನ್ನು ಯಾರೋ ತುಂಬುತ್ತಾರೆ, ಇನ್ಯಾರೋ ಓದುತ್ತಾರೆ, ಗಂಡನ ಕುಡಿತವೋ ಮಗಳ ಮದುವೆಯ ತಾಪತ್ರಯವೋ ಬುಧವಾರದ ಹೊತ್ತಿಗೆ ಇಡೀ ಕೇರಿಯ ಬಾಯಲ್ಲಿರುತ್ತದೆ.

ಆರಾಧನೆಯ ಕೊನೆಯ ಆಶೀರ್ವಾದ ಆದ ಮೇಲೆ ನೋಡಿದ ಇಬ್ಬರು ಹತ್ತು ನಿಮಿಷ ಕೂತು ಹೆಸರು ಹಂಚಬೇಕು. ಒಬ್ಬರಿಗೆ ಎರಡು ಹೆಸರಿಗಿಂತ ಹೆಚ್ಚು ಕೊಟ್ಟರೆ ಒಂದೂ ಆಗುವುದಿಲ್ಲ. ಮೊದಲ ವಾರ ಹೋಗಬೇಕಾದವರು ಪಕ್ಕದಲ್ಲಿ ಕೂರುವವರು ಅಥವಾ ಓಣಿಯವರು. ಎರಡನೇ ವಾರವೂ ಬಾರದಿದ್ದರೆ ಸಭೆಯ ಹಿರಿಯರೊಬ್ಬರು. ಮೂರನೇ ವಾರ ಸಭಾಪಾಲಕರು. ಮೂರು ವಾರ ದಾಟಿದರೆ ಕಷ್ಟ, ಏಕೆಂದರೆ ಅಷ್ಟರಲ್ಲಿ ಮನೆಯಲ್ಲಿದ್ದವರು ತಮ್ಮನ್ನು ಯಾರೂ ಕೇಳಲಿಲ್ಲವೆಂದು ತೀರ್ಮಾನಿಸಿರುತ್ತಾರೆ. ಆಮೇಲೆ ಬರಬೇಕೆಂದರೂ ನಾಚಿಕೆ ಅಡ್ಡ ಬರುತ್ತದೆ.

ಈ ಸರದಿಯನ್ನು ತಲೆಕೆಳಗು ಮಾಡುವ ಸಭೆಗಳೇ ಹೆಚ್ಚು: ಮೊದಲೇ ಪಾಸ್ಟರ್ ಓಡುತ್ತಾರೆ. ಪಾಸ್ಟರ್ ಹೋದ ಮನೆಯಲ್ಲಿ ಪಕ್ಕದವರಿಂದ ಕುರ್ಚಿ ಬರುತ್ತದೆ, ಹುಡುಗ ಹಾಲಿಗೆ ಓಡುತ್ತಾನೆ, ಕೇಳಿದ್ದಕ್ಕೆಲ್ಲ "ಆರಾಮ ಅದೀವ್ರಿ ಅಯ್ಯನೋರ" ಎಂಬ ಒಂದೇ ಉತ್ತರ. ಅದೇ ಓಣಿಯ ಹೆಂಗಸು ಸೆರಗಿನಲ್ಲಿ ನಾಲ್ಕು ಬದನೆಕಾಯಿ ಕಟ್ಟಿಕೊಂಡು ಹೋಗಿ ಕಟ್ಟೆಯ ಮೇಲೆ ಕೂತು, "ಯಕ್ಕಾ, ನಿನ್ನಿ ನಿನ್ ಜಾಗಾ ಖಾಲಿ ಇತ್ತು, ಮೈಗೆ ಆರಾಮಿಲ್ಲೇನು?" ಅಂದರೆ, ಬದನೆಕಾಯಿಯ ತೊಟ್ಟು ಮುರಿಯುತ್ತ ಮುರಿಯುತ್ತ ನಿಜ ಹೊರಗೆ ಬರುತ್ತದೆ. "ಯಾಕ ಬಂದಿಲ್ಲ?" ಎಂಬ ಪ್ರಶ್ನೆ ಯಾರ ಬಾಯಲ್ಲೂ ಬರಬಾರದು. ಅದು ಪೊಲೀಸರ ಪ್ರಶ್ನೆ. ಇನ್ನೊಂದು ತೊಂದರೆಯೂ ಇದೆ. ಪಾಸ್ಟರೇ ಎಲ್ಲ ಕಡೆ ಹೋಗಿ ರೂಢಿಯಾದರೆ ಬೇರೆ ಯಾರು ಬಂದರೂ ಜನ ಅದನ್ನು ಭೇಟಿ ಎಂದು ಎಣಿಸುವುದೇ ಇಲ್ಲ. ಮೋಶೆ ಬೆಳಗಿನಿಂದ ಸಂಜೆಯ ತನಕ ಒಬ್ಬನೇ ಕೂತು ಜನರ ವ್ಯಾಜ್ಯ ಕೇಳುತ್ತಿದ್ದುದನ್ನು ನೋಡಿ, ಮಾವ ಇತ್ರೋನನು ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ, ಹತ್ತು ಮಂದಿಗೊಬ್ಬನನ್ನು ನೇಮಿಸು ಎಂದು ಬುದ್ಧಿ ಹೇಳಿದ್ದು ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿದೆ.

ಪಾಳಿ ಕೆಲಸದವರ ಪುಟದಲ್ಲಿ ಪಾಳಿಯನ್ನೂ ಬರೆದಿಡಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಹಟ್ಟಿಯ ಚಿನ್ನದ ಗಣಿ, ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ದುಡಿಯುವವರು ಇಂತಿಂಥ ಭಾನುವಾರ ಬರಲಾರರು ಎಂಬುದು ಮೊದಲೇ ಗೊತ್ತಿರುತ್ತದೆ. ರಾತ್ರಿಪಾಳಿ ಮುಗಿಸಿ ಮಲಗಿದವನನ್ನು ಪ್ರೀತಿಯಿಂದ ಬಾಗಿಲು ಬಡಿದು ಎಬ್ಬಿಸಿದರೆ ಅವನು ಮುಂದಿನ ವಾರವೂ ಬರುವುದಿಲ್ಲ.

ಹೊಲದ ಕೆಲಸದ ವಿಷಯ ಇನ್ನೂ ದೊಡ್ಡದು. ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪ ಕಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಭತ್ತದ ನಾಟಿ ಭಾನುವಾರ ನೋಡುವುದಿಲ್ಲ. ನಾಟಿಯ ಗುಂಪು ಬೆಳಗ್ಗೆ ಆರಕ್ಕೇ ಟಂಟಂ ಹತ್ತಿರುತ್ತದೆ. ಹತ್ತು ಗಂಟೆಯ ಆರಾಧನೆಗೆ ಬರುವವರು ನೌಕರಿಯವರು, ಅಂಗಡಿಯವರು, ವಯಸ್ಸಾದವರು. ಕರ್ತನ ಭೋಜನ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ, ತಿಂಗಳ ಮೊದಲ ಭಾನುವಾರ ಬೆಳಗ್ಗೆ ಮಾತ್ರ ಎಂದಿದ್ದರೆ ಕೂಲಿಯವರಿಗೆ ಸತತ ಎರಡು ತಿಂಗಳು ಅದು ತಪ್ಪುತ್ತದೆ. ಬೈಬಲಿನ ಕಾಲದಲ್ಲಿ ಅಪೊಸ್ತಲ ಪೌಲನು ಪತ್ರ ಬರೆದ ಕೊರಿಂಥದ ಸಭೆಯಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ಕೆಲವರು ಮುಂಚೆಯೇ ಉಂಡು ಕುಡಿದು ಮತ್ತರಾಗಿದ್ದರು, ಇಲ್ಲದವರು ಹಸಿದಿದ್ದರು. ಪೌಲನು ಅಲ್ಲಿ ಕೊಟ್ಟ ಪರಿಹಾರ ಬಹಳ ಸರಳ: ಒಬ್ಬರಿಗಾಗಿ ಒಬ್ಬರು ಕಾಯಿರಿ. ನಾಟಿಯ ಕಾಲದಲ್ಲಿ ತಿಂಗಳಿಗೊಂದು ಆರಾಧನೆಯನ್ನಾದರೂ ರಾತ್ರಿ ಏಳೂವರೆಗೆ ಇಟ್ಟು, ಭೋಜನವನ್ನು ಅದಕ್ಕೇ ಸೇರಿಸಿದರೆ ಈ ಮಾತು ನಡೆಸಿದಂತಾಗುತ್ತದೆ. ಕಮಿಟಿಯಲ್ಲಿ ಗೊಣಗಾಟ ಬರುತ್ತದೆ. ಬರಲಿ.

ಮನೆಕೂಟಗಳಿಗೆ ಆರರಿಂದ ಎಂಟು ಮನೆ ಮಿತಿ. ನಮ್ಮ ಕಡೆಯ ಪಡಸಾಲೆಯಲ್ಲಿ ಹದಿನೈದು ಜನ ಆರಾಮವಾಗಿ ಕೂರಬಹುದು, ಇಪ್ಪತ್ತಾದರೆ ಇಕ್ಕಟ್ಟು, ಅದಕ್ಕೂ ಮೇಲಾದರೆ ಹಾಡು ಜೋರಾಗಿ ಮಾತು ಕಡಿಮೆಯಾಗುತ್ತದೆ. ಒಂದು ತಾಸಿನಲ್ಲಿ ಎರಡು ಹಾಡು, ಒಂದು ಓದು, ಆಮೇಲೆ ಒಬ್ಬೊಬ್ಬರ ಕಷ್ಟಸುಖಕ್ಕೆ ಅರ್ಧ ತಾಸು, ಪ್ರಾರ್ಥನೆ. ಅಲ್ಲಿ ಇನ್ನೊಂದು ಪ್ರಸಂಗ ಬೇಡ. ತಿಂಡಿಯ ನಿಯಮವನ್ನು ಮೊದಲ ದಿನವೇ ಮಾಡಿ: ಚಹಾ, ಬೇಕಾದರೆ ಒಗ್ಗರಣೆ ಮಂಡಕ್ಕಿ, ಅಷ್ಟೇ. ಒಂದು ಮನೆಯಲ್ಲಿ ಉಪ್ಪಿಟ್ಟು ಕೇಸರಿಬಾತ್ ಮಾಡಿದರೆ ಮುಂದಿನ ಮನೆಯವರು ಅದಕ್ಕಿಂತ ಕಡಿಮೆ ಮಾಡಲಾರರು. ಅದರ ಮುಂದಿನ ಮನೆಯವರು "ಈ ವಾರ ನಮ್ಮಲ್ಲಿ ಬ್ಯಾಡ್ರಿ, ಮಾವ ಬರೋರದಾರ" ಅನ್ನುತ್ತಾರೆ. ಮನೆಕೂಟ ನಿಂತುಹೋಗುವುದು ಭಕ್ತಿ ಕಡಿಮೆಯಾಗಿಯಲ್ಲ, ಬಹಳ ಸಲ ಕೇಸರಿಬಾತಿನಿಂದ.

ಗುಂಪು ಹಂಚುವಾಗ ಒಂದು ತಪ್ಪು ತಿಳಿಯದೆಯೇ ಆಗುತ್ತದೆ. ಓಣಿ ಪ್ರಕಾರ ಹಂಚಿದರೆ ನಡೆದು ಬರಲು ಅನುಕೂಲ ನಿಜ. ಆದರೆ ನಮ್ಮ ಊರುಗಳಲ್ಲಿ ಕೇರಿ ಎಂದರೆ ಜಾತಿ. ಕೇರಿಗೊಂದು ಗುಂಪು ಮಾಡಿದ ಎರಡು ವರ್ಷಕ್ಕೆ ಸಭೆಯೊಳಗೇ ಜಾತಿಗೊಂದು ಸಭೆ ತಯಾರಾಗಿರುತ್ತದೆ, ಮುಂದೆ ಕಮಿಟಿ ಚುನಾವಣೆಯಲ್ಲಿ ಅದೇ ಗುಂಪುಗಳು ಎದುರುಬದುರು ನಿಲ್ಲುತ್ತವೆ. ಒಂದೇ ಪಾತ್ರೆಯಿಂದ ಪಾನ ಮಾಡಿ ಬಂದವರು ಒಬ್ಬರ ಮನೆಯಲ್ಲೊಬ್ಬರು ನೀರು ಮುಟ್ಟುವುದಿಲ್ಲವೆಂದರೆ ಅದನ್ನು ಪ್ರಸಂಗಪೀಠದಿಂದ ಬೈದು ಸರಿಮಾಡಲಾಗುವುದಿಲ್ಲ. ಎರಡು ಕೇರಿಯ ಮನೆಗಳನ್ನು ಬೆರೆಸಿ ಗುಂಪು ಮಾಡಿ, ಕೂಟ ಸರದಿಯಂತೆ ಪ್ರತಿ ಮನೆಯಲ್ಲೂ ನಡೆಯಲಿ, ಯಾವ ಮನೆಯನ್ನೂ ದಾಟಿ ಹೋಗಬೇಡಿ. ಮೊದಲ ಎರಡು ಮೂರು ತಿಂಗಳು ಕೆಲವರು ಬರುವುದಿಲ್ಲ, ಬಂದವರಲ್ಲಿ ಕೆಲವರು ಚಹಾ ಬೇಡ ಅನ್ನುತ್ತಾರೆ. ಆ ಮನೆಯಲ್ಲಿ ಸಭಾಪಾಲಕರೂ ಹಿರಿಯರೂ ಮೊದಲು ಲೋಟ ಎತ್ತಿಕೊಳ್ಳಬೇಕು, ಮಾತಿಲ್ಲದೆ. ಕ್ರಿಸ್‌ಮಸ್ ಕ್ಯಾರಲ್‌ಗೂ ಇದೇ ಮಾತು. ಪ್ರತಿ ವರ್ಷ ಮೇನ್ ರೋಡಿನ ಮನೆಗಳಿಂದ ಶುರುವಾಗಿ ಕೊನೆಯ ಕೇರಿಗೆ ರಾತ್ರಿ ಒಂದಕ್ಕೆ ತಲುಪುತ್ತದೆ, ಅಷ್ಟರಲ್ಲಿ ಅಲ್ಲಿನ ಮಕ್ಕಳು ಮಲಗಿರುತ್ತಾರೆ. ಒಂದು ವರ್ಷ ಕೊನೆಯ ಕೇರಿಯಿಂದ ಶುರುಮಾಡಿ ನೋಡಿ.

ಭಾಷೆಯ ವಿಷಯ ಬಳ್ಳಾರಿ, ರಾಯಚೂರು, ಕೊಪ್ಪಳ ಈ ನಮ್ಮ ಮೂರು ಜಿಲ್ಲೆಗಳಿಗೂ ಇದ್ದದ್ದೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ಕನ್ನಡ ಬೈಬಲಿನ ಕೆಲಸಕ್ಕೆ ಕೈಹಾಕಿದ್ದು ಬಳ್ಳಾರಿಯಲ್ಲೇ. ಆದರೂ ಬಳ್ಳಾರಿ 1953ರ ತನಕ ಮದ್ರಾಸಿನ ಕಡೆಗಿತ್ತು, ರಾಯಚೂರು ಕೊಪ್ಪಳ 1956ರ ತನಕ ಹೈದರಾಬಾದಿನ ಕಡೆಗಿದ್ದವು. ತೆಲುಗು ಮನೆಮಾತಿನವರು ಇಲ್ಲದ ಸಭೆ ಕಡಿಮೆ. ಆಂಧ್ರದಿಂದ ಬಂದು ಕಾಲುವೆ ಕಡೆ ನೆಲೆಸಿದವರ ಕ್ಯಾಂಪುಗಳಲ್ಲಂತೂ ಅವರೇ ಹೆಚ್ಚು. ಇಡೀ ಪ್ರಸಂಗವನ್ನು ವಾಕ್ಯವಾಕ್ಯಕ್ಕೂ ಅನುವಾದಿಸಿದರೆ ಇಪ್ಪತ್ತೈದು ನಿಮಿಷದ್ದು ಐವತ್ತಾಗುತ್ತದೆ, ಎರಡೂ ಭಾಷೆಯವರಿಗೆ ಬೇಸರ. ಒಂದು ಬೈಬಲ್ ಪಾಠ ಕನ್ನಡದಲ್ಲಿ, ಒಂದು ತೆಲುಗಿನಲ್ಲಿ, ಹಾಡು ಎರಡರಲ್ಲೂ, ಕರ್ತನ ಪ್ರಾರ್ಥನೆ ಅವರವರ ಭಾಷೆಯಲ್ಲಿ ಒಟ್ಟಿಗೆ. ಪೂರ್ತಿ ಎರಡೂ ಭಾಷೆಯಲ್ಲಿ ಇರಲೇಬೇಕಾದ್ದು ಪ್ರಕಟಣೆಗಳು. ಯಾರ ಮನೆಯಲ್ಲಿ ಕೂಟ, ಯಾರು ಆಸ್ಪತ್ರೆಯಲ್ಲಿದ್ದಾರೆ, ಮಕ್ಕಳ ನೋಟ್‌ಬುಕ್ ಎಂದು ಹಂಚುತ್ತಾರೆ ಎಂಬುದು ತಿಳಿಯದೆ ಹೋದವರೇ ಹೊರಗಿನವರಾಗುತ್ತಾರೆ. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರು ದಿನದ ಹಂಚಿಕೆಯಲ್ಲಿ ಬಿಟ್ಟುಹೋದಾಗ ಆರಿಸಿದ ಏಳು ಮಂದಿಯ ಹೆಸರು ಓದಿ ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ದೂರು ಯಾರ ಕಡೆಯಿಂದ ಬಂತೋ ಹಂಚುವ ಕೆಲಸವನ್ನು ಆ ಕಡೆಯವರ ಕೈಗೇ ಕೊಟ್ಟಂತೆ ಕಾಣುತ್ತದೆ. ಸಹಾಯ ನಿಧಿಯ ಮೂವರು ಸಹಿದಾರರನ್ನು ಆರಿಸುವಾಗ ಇದು ನೆನಪಿರಲಿ.

ಹಣದ ಬಗ್ಗೆ ಬಿರುಸಾಗಿ ಒಂದು ಮಾತು. ಸಭೆಯವರು ಸಭೆಯವರ ಹತ್ತಿರ ಚೀಟಿ ಹಾಕುವುದು, ಹಿರಿಯರು ಸಾಲಕ್ಕೆ ಜಾಮೀನು ನಿಲ್ಲುವುದು, ಪಾಸ್ಟರ್ ಕೈಗಡ ತೆಗೆದುಕೊಳ್ಳುವುದು ಯಾವುದೂ ಬೇಡ. ಚೀಟಿ ಮುಳುಗಿದ ಮೇಲೆ ಎರಡು ಮನೆಯವರು ಒಂದೇ ಸಾಲಿನಲ್ಲಿ ಕೂರುವುದಿಲ್ಲ, ಸ್ವಲ್ಪ ದಿನಕ್ಕೆ ಒಂದು ಮನೆಯವರು ಬೇರೆ ಸಭೆ ಹುಡುಕಿಕೊಳ್ಳುತ್ತಾರೆ.

ನೋಟ್‌ಬುಕ್ಕಿನ ಕೊನೆಯ ಇಪ್ಪತ್ತು ಪುಟ ಗುಳೆ ಹೋದವರಿಗೆ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ದೇವದುರ್ಗದಂಥ ಕಡೆ ಮಳೆ ನಂಬಿದ ಹೊಲದ ಸುಗ್ಗಿ ಮುಗಿಯುತ್ತಲೆ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಯ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಹೊರಡುವ ಮೊದಲು ಬಸ್‌ಸ್ಟ್ಯಾಂಡಿನಲ್ಲಾದರೂ ಸರಿ, ಪ್ರಾರ್ಥಿಸಿ ಎರಡು ಸಂಗತಿ ಬರೆದುಕೊಳ್ಳಿ: ಮೇಸ್ತ್ರಿಯ ಫೋನ್ ನಂಬರು, ಊರಲ್ಲಿ ಯಾರು ಉಳಿದರು. ಉಳಿದ ಅಜ್ಜಿ, ಶಾಲೆಗೆ ಹೋಗುವ ಮೊಮ್ಮಗಳು ಆ ಆರು ತಿಂಗಳು ವಾರದ ಪಟ್ಟಿಯಲ್ಲಿ ಇರಬೇಕು, ಆರಾಧನೆಗೆ ಬಂದಿದ್ದರೂ ಕೂಡ. ಅಜ್ಜಿಯನ್ನು ನೋಡಿ ಬಂದವರು ಅಲ್ಲಿಂದಲೇ ಮಗನಿಗೆ ಫೋನ್ ಹಚ್ಚಿ ಮಾತಾಡಿಸಿದರೆ ಒಂದೇ ಭೇಟಿಯಲ್ಲಿ ಎರಡು ಕೆಲಸ. ಆರಾಧನೆಯ ವಿಡಿಯೋ ಲಿಂಕ್ ಕಳಿಸುವುದು ಇದಕ್ಕೆ ಬದಲಿಯಲ್ಲ.

ಸಾವಿನ ಮನೆಗೆ ಮೂರು ದಿನ ಜನ ತಾವಾಗಿಯೇ ಬರುತ್ತಾರೆ, ಅದನ್ನು ಯಾರಿಗೂ ಕಲಿಸಬೇಕಿಲ್ಲ. ಪುಟದಲ್ಲಿ ಬರೆಯಬೇಕಾದ್ದು ನಲವತ್ತನೇ ದಿನ ಮತ್ತು ಆಮೇಲೆ ಬರುವ ಮೊದಲ ಕ್ರಿಸ್‌ಮಸ್. ಆಸ್ಪತ್ರೆಗಾದರೆ ಒಮ್ಮೆಗೆ ಇಬ್ಬರು, ಹದಿನೈದು ನಿಮಿಷ, ಕೈಯಲ್ಲಿ ಬುತ್ತಿ. ಬುತ್ತಿ ರೋಗಿಗಿಂತ ಹೆಚ್ಚಾಗಿ ಜೊತೆಗಿದ್ದವರಿಗೆ ಬೇಕು. ವಾರ್ಡಿನಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ, ಪ್ರಾರ್ಥನೆ ಮಂಚದ ಮಟ್ಟಿಗೆ ಕೇಳಿಸಿದರೆ ಸಾಕು.

ಪುಸ್ತಕ ಸಭಾಪಾಲಕರ ಮನೆಯಲ್ಲಿ ಇರಬಾರದು, ವರ್ಗಾವಣೆ ಬಂದಾಗ ಸಾಮಾನಿನ ಜೊತೆ ಲಾರಿ ಹತ್ತಿಬಿಡುತ್ತದೆ. ನೋಡುವ ಇಬ್ಬರಲ್ಲಿ ಒಬ್ಬರ ಹತ್ತಿರ ಇರಲಿ, ಆ ಇಬ್ಬರೂ ವರ್ಷಕ್ಕೊಮ್ಮೆ ಬದಲಾಗಲಿ. ಹೊಸದಾಗಿ ಬಂದ ಸಭಾಪಾಲಕರು ಮೊದಲ ತಿಂಗಳ ಭೇಟಿಗಳನ್ನು ಪುಸ್ತಕದ ಕೊನೆಯ ಪುಟಗಳಿಂದ ಶುರುಮಾಡುವುದು ಒಳ್ಳೆಯದು. ಮೊದಲ ಪುಟಗಳವರು ಸ್ವಾಗತದ ಹಾರ ಹಿಡಿದುಕೊಂಡು ತಾವೇ ಬಂದಿರುತ್ತಾರೆ.