ಮಲೆನಾಡಿನ ಓಲೆಗರಿ ಮೈಸೂರು ಸೇರಿದ್ದೇಕೆ

ಮಲೆನಾಡನ್ನಾಳಿದ ಕೆಳದಿ ಅರಸರ ಚರಿತ್ರೆ ಹೇಳುವ ಲಿಂಗಣ್ಣ ಕವಿಯ 'ಕೆಳದಿನೃಪವಿಜಯಂ' 1921ರಲ್ಲಿ ಅಚ್ಚಾಗಿದ್ದು ಸಾಗರದಲ್ಲೂ ಅಲ್ಲ, ಶಿವಮೊಗ್ಗದಲ್ಲೂ ಅಲ್ಲ. ಮೈಸೂರಿನ ಸರ್ಕಾರಿ ಪ್ರಾಚ್ಯ ಗ್ರಂಥಾಲಯದಿಂದ. ಅದೇ ಮನೆತನದ ದೊರೆ ಬಸವಪ್ಪನಾಯಕ 1709ರ ಹೊತ್ತಿಗೆ ಸಂಸ್ಕೃತದಲ್ಲಿ ಬರೆದ ವಿಶ್ವಕೋಶ 'ಶಿವತತ್ತ್ವ ರತ್ನಾಕರ'ವನ್ನು ಸಂಪುಟಗಳಾಗಿ ಹೊರತಂದದ್ದೂ ಆ ಸಂಸ್ಥೆಯೇ. ನಮ್ಮ ಸೀಮೆಯ ಸೊತ್ತು ಅಷ್ಟು ದೂರ ಯಾಕೆ ಹೋಯಿತು ಎಂಬ ಅಸಮಾಧಾನ ಈ ಕಡೆ ಇದ್ದೇ ಇದೆ.

ಅದರಲ್ಲಿ ಅರ್ಧ ಮಾತ್ರ ನ್ಯಾಯ. ಮಲೆನಾಡಿನ ಮಳೆಗಾಲದಲ್ಲಿ ಓಲೆಗರಿ ಉಳಿಸುವುದೆಂದರೆ ಹುಡುಗಾಟವಲ್ಲ. ಒಲೆಯ ಹೊಗೆ ತಾಗುವ ಅಟ್ಟದಲ್ಲಿದ್ದ ಕಟ್ಟುಗಳು ಹೇಗೋ ಬಚಾವಾದವು. ಉಳಿದವು ಗೆದ್ದಲಿಗೆ, ಬೂಷ್ಟಿಗೆ. ನವರಾತ್ರಿಯಲ್ಲಿ ಪೂಜೆಗಿಟ್ಟು ಬಿಚ್ಚದೆಯೇ ಮತ್ತೆ ಒಳಗಿಟ್ಟ ಕಟ್ಟುಗಳೆಷ್ಟೋ. ಪುಡಿಯಾಗತೊಡಗಿದರೆ ಹೊಳೆಗೆ ಬಿಡುವುದೂ ಇತ್ತು.

ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ, ಮೈಸೂರು ಸರ್ಕಾರ ಪ್ರಾಚ್ಯ ಗ್ರಂಥಾಲಯವನ್ನು ತೆರೆಯಿತು. ಸಾರ್ವಜನಿಕರು ಕೂತು ಪೇಪರು ಓದುವ ಜಾಗ ಅದಲ್ಲ. ಹಸ್ತಪ್ರತಿ ಕೂಡಿಹಾಕುವುದು, ನಕಲು ತೆಗೆಯುವುದು, ಪಾಠಾಂತರ ನೋಡಿ ಅಚ್ಚಿಗೆ ಸಿದ್ಧಪಡಿಸುವುದು ಅಲ್ಲಿಯ ಪಂಡಿತರ ಕೆಲಸ. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ, ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುವ 'ಗ್ರಂಥ' ಎಂಬ ಲಿಪಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇರುವುದನ್ನು ಗ್ರಂಥಪಾಲರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದರು. ಲಿಪಿ ಬಲ್ಲ ಒಬ್ಬರು ಸಂಬಳದ ಮೇಲೆ ಅಲ್ಲಿದ್ದರು ಎಂಬುದಕ್ಕೇ ಅದು ಸಾಧ್ಯವಾಯಿತು. 1916ರಲ್ಲಿ ಗ್ರಂಥಾಲಯ ಮೈಸೂರು ವಿಶ್ವವಿದ್ಯಾನಿಲಯದ ಕೈಸೇರಿತು, ಆಮೇಲೆ ಪ್ರಾಚ್ಯವಿದ್ಯಾ ಸಂಶೋಧನಾಲಯವೆನಿಸಿತು. ಕನ್ನಡದ ಕಟ್ಟುಗಳು 1966ರಲ್ಲಿ ಶುರುವಾದ ಕನ್ನಡ ಅಧ್ಯಯನ ಸಂಸ್ಥೆಗೆ ಹೋದವು.

ಆ ಅಸಮಾಧಾನದಲ್ಲಿರುವ ಅರ್ಧ ನ್ಯಾಯ ಕಾಣಬೇಕಾದರೆ ಶಾಸನಗಳ ಕಡೆ ನೋಡಬೇಕು: ಅಲ್ಲಿ ಮೂಲ ಊರಲ್ಲೇ ಉಳಿಯಿತು, ಪಾಠ ಮಾತ್ರ ಹೊರಗೆ ಹೋಯಿತು. ಬಿ.ಎಲ್. ರೈಸ್ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಶಾಸನಗಳ ಪಾಠ ಅಚ್ಚುಮಾಡುವ 'ಎಪಿಗ್ರಾಫಿಯಾ ಕರ್ನಾಟಿಕ' ಮಾಲೆಯ 7 ಮತ್ತು 8ನೇ ಸಂಪುಟಗಳಲ್ಲಿ 1902, 1904ರಲ್ಲಿ ತಂದರು. ಕದಂಬರ ಹುಟ್ಟನ್ನು ಹೇಳುವ ತಾಳಗುಂದದ ಕಂಬ ಇವತ್ತಿಗೂ ಪ್ರಣವೇಶ್ವರ ಗುಡಿಯ ಮುಂದೆಯೇ ನಿಂತಿದೆ, ಅದರ ಪಾಠ ಮಾತ್ರ ಜಗತ್ತೆಲ್ಲ ಸುತ್ತಿದೆ. ಶೃಂಗೇರಿಯಲ್ಲೂ ಹೀಗೇ. ಟಿಪ್ಪು ಸುಲ್ತಾನ್ ಮಠಕ್ಕೆ ಬರೆದ ಕಾಗದಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು, ಇಟ್ಟುಕೊಂಡು ಕಾಪಾಡಿದ್ದು ಮಠ.

1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಜಿಲ್ಲೆಗಳಿಗೆ ಗ್ರಂಥಾಲಯ ಬಂತು, ಅದಕ್ಕೆ ಆಸ್ತಿ ತೆರಿಗೆಯ ಜೊತೆ ಕರವೂ ಬಂತು. ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರಿಗೆ ದೊಡ್ಡ ಉಪಕಾರ. ಹಸ್ತಪ್ರತಿಯ ಕೆಲಸ ಅದರ ಪಾಲಿಗೆ ಬರಲಿಲ್ಲ.

ಆ ಕೆಲಸವನ್ನು ಅದಕ್ಕೂ ಮೊದಲೇ ಕೈಗೆತ್ತಿಕೊಂಡಿದ್ದವರು ಇತಿಹಾಸ ಸಂಶೋಧಕ ಕೆಳದಿ ಗುಂಡಾ ಜೋಯಿಸರು. 1960ರ ಆಸುಪಾಸಿನಲ್ಲಿ ಊರಲ್ಲೇ ವಸ್ತುಸಂಗ್ರಹಾಲಯ ಕಟ್ಟಿ, ಮನೆಮನೆಯ ಓಲೆಗರಿ, ಕಡತ, ಕಾಗದಪತ್ರ ಕೂಡಿಸಿದರು. ಮುಂದೆ ಅದು ಕುವೆಂಪು ವಿಶ್ವವಿದ್ಯಾನಿಲಯದ ಸುಪರ್ದಿಗೆ ಬಂತು. ಅಲ್ಲಿ ತಿಗಳಾರಿ ಲಿಪಿಯ ಕಟ್ಟುಗಳೂ ಇವೆ. ಹವ್ಯಕರ ಮನೆಗಳಲ್ಲಿ ಸಂಸ್ಕೃತ ಬರೆಯಲು ಹಿಂದೆ ಬಳಸುತ್ತಿದ್ದ ಈ ಲಿಪಿಯನ್ನು ಸರಾಗವಾಗಿ ಓದುವವರು ಈಗ ವಿರಳ.

ಮೈಸೂರಿನಲ್ಲಿರುವ ಮೂಲಪ್ರತಿಗಳನ್ನು ವಾಪಸು ಕೇಳುವುದರಲ್ಲಿ ನನಗೆ ಆಸಕ್ತಿಯಿಲ್ಲ; ಕಾಪಾಡಲು ಗೊತ್ತಿದ್ದವರ ಬಳಿ ಅವು ಇರಲಿ. ಈ ಸೀಮೆಗೆ ಸಂಬಂಧಪಟ್ಟವುಗಳ ಡಿಜಿಟಲ್ ಪ್ರತಿ, ಸೂಚಿಯ ಸಮೇತ, ಕೆಳದಿಗೂ ಕುವೆಂಪು ವಿಶ್ವವಿದ್ಯಾನಿಲಯವಿರುವ ಶಂಕರಘಟ್ಟಕ್ಕೂ ಬರಲಿ. ಜೊತೆಗೆ ತಿಗಳಾರಿ ಓದಿ ಕಲಿಸುವ ಒಬ್ಬ ಪಂಡಿತರಿಗೆ ಕಾಯಂ ಹುದ್ದೆ ಕೊಟ್ಟರೆ, ಕೆಳದಿಯ ಕಟ್ಟುಗಳನ್ನು ಬಿಚ್ಚಿ ಓದುವ ಕೆಲಸ ಶುರುಮಾಡಬಹುದು.